ನಿದ್ದೆ ಕೆಡಿಸುವುದು ಏನು? ನಾಲೆ ಬಯಲಿನ ಒಂದು ಪಂಚಾಯಿತಿ ತನ್ನ ಗುರಿ ಹುಡುಕಿದ ಪ್ರಕರಣ

2023ರ ಅಕ್ಟೋಬರ್‌ನಲ್ಲಿ ನಡೆದ ಮೊದಲ ವಾರ್ಡ್ ಸಭೆಯ ಟಿಪ್ಪಣಿ ಇನ್ನೂ ನನ್ನ ಹತ್ತಿರ ಇದೆ. ಒಟ್ಟು 17 ಬೇಡಿಕೆ. ಸಿಸಿ ರಸ್ತೆ, ಚರಂಡಿ, ಸಿಸಿ ರಸ್ತೆ, ಹೈಮಾಸ್ಟ್ ದೀಪ, ಚರಂಡಿ ಮೇಲೆ ಚಪ್ಪಡಿ, ಮತ್ತೆ ಸಿಸಿ ರಸ್ತೆ. 17ರಲ್ಲಿ 14ಕ್ಕೆ ಸಿಮೆಂಟ್ ಬೇಕು. ಉಳಿದ ಮೂರರಲ್ಲಿ ಒಂದು, ದೇವಸ್ಥಾನದ ಮುಂದೆ ಶೀಟ್ ಹಾಕಿಸುವುದು.

ಸಭೆ ಇದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಶಾಲೆಯ ಕೊಠಡಿಯಲ್ಲಿ. ಬಂದವರಲ್ಲಿ ಹೆಚ್ಚಿನವರು ಪ್ರತಿ ಸಭೆಗೂ ಬರುವ ಗಂಡಸರು. ಅವರಲ್ಲಿ ಇಬ್ಬರು ಪಂಚಾಯಿತಿ ಕೆಲಸ ಗುತ್ತಿಗೆ ಹಿಡಿಯುವವರು. ಕೋರಂ ಸಾಲದು ಅಂತ ಗೊತ್ತಾದಾಗ ಅಂಗನವಾಡಿಗೆ ಮಕ್ಕಳನ್ನು ಬಿಡಲು ಬಂದಿದ್ದ ಐದಾರು ತಾಯಂದಿರನ್ನು ಕರೆದು ಸಹಿ ಹಾಕಿಸಿಕೊಂಡರು. ಸಹಿ ಹಾಕಿ ಅವರು ಹೊರಟುಹೋದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಟಿಪ್ಪಣಿ ಬರೆಯುತ್ತಿದ್ದ ನಾನೂ ಕೇಳಲಿಲ್ಲ.

ನಾನು ನಿವೃತ್ತ ಮೇಷ್ಟ್ರು. ಆ ಹೋಬಳಿಯ ಹೈಸ್ಕೂಲಿನಲ್ಲಿ ತುಂಬಾ ವರ್ಷ ಪಾಠ ಮಾಡಿದ್ದೇನೆ. ಪಂಚಾಯಿತಿ ಸದಸ್ಯರಲ್ಲಿ ಮೂವರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಸಭೆಗಳ ಮಾತುಕತೆ ಬರೆದಿಡಲು ಒಬ್ಬರು ಬೇಕು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಕೇಳಿದಾಗ ಒಪ್ಪಿಕೊಂಡೆ. ಊರು ಮಂಡ್ಯ ತಾಲ್ಲೂಕಿನಲ್ಲಿದೆ, ಕೆಆರ್‌ಎಸ್ ಅಣೆಕಟ್ಟಿನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿದೆ. ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ಜಗಳಗಳಲ್ಲಿ ಒಂದೆರಡು ಇನ್ನೂ ಪೂರ್ತಿ ಆರಿಲ್ಲ.

ಆ ವರ್ಷ ಎಂಥದ್ದು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟಿತ್ತು. 124.80 ಅಡಿಯ ಕೆಆರ್‌ಎಸ್ ತುಂಬಲೇ ಇಲ್ಲ. ಸೆಪ್ಟೆಂಬರ್ 29ಕ್ಕೆ ಕಾವೇರಿಗಾಗಿ ಕರ್ನಾಟಕ ಬಂದ್ ಆಗಿತ್ತು. ನಾಲೆಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಬ್ಬು ಒಣಗುತ್ತಿತ್ತು, ಆಲೆಮನೆಗಳಿಗೆ ಕೆಲಸ ಕಡಿಮೆ, ಗಂಡಸರು ಅರಳಿಕಟ್ಟೆಯ ಮೇಲೆ. ಇಂಥ ಹೊತ್ತಿನಲ್ಲಿ ಊರಿನ ನೆಮ್ಮದಿಗೆ ಒಂದು ಗುರಿ ಇಟ್ಟುಕೊಳ್ಳಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ಆದರೆ ಗುರಿ ಇಟ್ಟುಕೊಳ್ಳಲೇಬೇಕಿತ್ತು. ಪ್ರತಿ ವರ್ಷ ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗೆ ಜನರ ಅಭಿಪ್ರಾಯ ಕೇಳುವ ಅಭಿಯಾನ ನಡೆಯುತ್ತದೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಹಳ್ಳಿಗೆ ಹೊಂದುವ ಹಾಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 9 ವಿಷಯಗಳಾಗಿ ಗುಂಪು ಮಾಡಿದೆ. ಬಡತನ ಇಲ್ಲದ ಊರು, ಆರೋಗ್ಯದ ಊರು, ಮಕ್ಕಳ ಸ್ನೇಹಿ ಊರು, ಸಾಕಷ್ಟು ನೀರಿರುವ ಊರು, ಮಹಿಳಾ ಸ್ನೇಹಿ ಊರು, ಹೀಗೆ. ಗ್ರಾಮ ಸಭೆ ಇವುಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಿ ಸಂಕಲ್ಪ ಮಾಡಬೇಕು. ನಡೆಯುವುದು ಬೇರೆ. ಹಿಂದಿನ ವರ್ಷದ ಫೈಲು ತೆಗೆದು, ಇಸವಿ ಬದಲಿಸಿ, ಕಂಪ್ಯೂಟರಿಗೆ ಏರಿಸುವುದು. ಇದರಲ್ಲಿ ಪಿಡಿಒಗಳನ್ನು ಬೈದು ಸುಖ ಇಲ್ಲ. ಉದ್ಯೋಗ ಖಾತರಿ, ಇ-ಸ್ವತ್ತು, ನೀರಿನ ಮೋಟಾರು, ತೆರಿಗೆ ವಸೂಲಿ ಎಲ್ಲ ಒಬ್ಬರ ತಲೆ ಮೇಲೆ.

ಆ ಹದಿನೇಳರ ಪಟ್ಟಿ ನೋಡಿ ಮೇಡಂ ಅಂದರು, "ಮೇಷ್ಟ್ರೇ, ಇಷ್ಟೂ ಮಾಡಿಕೊಟ್ಟರೆ ಇವರು ಸುಖವಾಗಿ ಇರ್ತಾರಾ?" ನಾನು ನಕ್ಕೆ. ಅವರು ನಗಲಿಲ್ಲ.

ಅಜ್ಜಿಯ ಮಾತು

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಎರಡು ದಿನ ಆದ ಮೇಲೆ ಪಂಚಾಯಿತಿ ಕಚೇರಿಗೆ ಒಬ್ಬ ಅಜ್ಜಿ ಬಂದರು. ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ ಅಂತ ಕೇಳಲು. ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದರು. "ಯಾಕಜ್ಜಿ, ರಾತ್ರಿ ನಿದ್ದೆ ಮಾಡ್ಲಿಲ್ವಾ?" ಅಂತ ಸುಮ್ನೆ ಕೇಳಿದೆ.

"ಎಲ್ಲ್ ಬತ್ತದೆ ಮೇಷ್ಟ್ರೇ ನಿದ್ದೆ? ಮೊಮ್ಮಗ ಟೂಷನ್ ಮುಗಿಸ್ಕಂಡು ಏರಿ ಮ್ಯಾಲೆ ಬತ್ತಾನೆ. ಅವ್ನ್ ಸೈಕಲ್ ಸದ್ದು ಕೇಳೋಗಂಟ ಜೀವ ಬಾಯಿಗ್ ಬಂದಿರ್ತದೆ. ಆಮ್ಯಾಕೆ ಮಲಗುದ್ರೂ ಅದೇ ಗ್ಯಾನ."

ಏರಿ ಅಂದರೆ ನಾಲೆಯ ಏರಿ. ಈ ಭಾಗದವರಿಗೆ ಆ ಭಯ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು, ಅವರಲ್ಲಿ ಶಾಲೆ ಮಕ್ಕಳೂ ಇದ್ದರು. ಆಮೇಲೂ ಕಾರುಗಳು ಬಿದ್ದಿವೆ. 1930ರ ದಶಕದಲ್ಲಿ ಈ ಸೀಮೆಗೆ ಅನ್ನ ತಂದ ನಾಲೆ ಅದು. ರಾತ್ರಿಯ ಭಯವೂ ಅದೇ.

ನಮ್ಮ 17ರ ಪಟ್ಟಿಯಲ್ಲಿ ನಾಲೆ ಅನ್ನುವ ಪದವೇ ಇರಲಿಲ್ಲ.

ಮೇಡಂಗೆ ಹೇಳಿದೆ. "ಏನು ಬೇಕು ಅಂತ ಕೇಳೋದು ಬಿಡೋಣ. ನಿದ್ದೆ ಯಾಕೆ ಬರ್ತಿಲ್ಲ ಅಂತ ಕೇಳೋಣ" ಅಂದರು. ಆಮೇಲೆ ನಡೆದದ್ದೆಲ್ಲ ಇದರಿಂದಲೇ.

ಇದು ಕೇಳಲು ಸಣ್ಣ ಬದಲಾವಣೆ. ಆದರೆ ಏನು ಬೇಕು ಅಂತ ಪಂಚಾಯಿತಿ ಕೇಳಿದರೆ, ಪಂಚಾಯಿತಿ ಏನು ಕೊಡಬಲ್ಲದೋ ಅದನ್ನೇ ಜನ ಹೇಳುತ್ತಾರೆ. ಮೂವತ್ತು ವರ್ಷದಿಂದ ಅವರು ಅದನ್ನು ಕಲಿತಿದ್ದಾರೆ. ಪಂಚಾಯಿತಿ ಅಂದರೆ ಸಿಮೆಂಟು ಕೊಡುವ ಅಂಗಡಿ. ಕಿರಾಣಿ ಅಂಗಡಿಗೆ ಹೋಗಿ ಯಾರಾದರೂ ಸೊಸೆ ಜಗಳ ಹೇಳುತ್ತಾರಾ?

ಡೈರಿ, ಕಾಲೋನಿ, ಮಕ್ಕಳು

ಹನ್ನೊಂದು ಗಂಟೆಯ ಸಭೆ ಕೈಬಿಟ್ಟೆವು. ಅಂದರೆ ಕಾನೂನಿನ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಲೇಬೇಕು, ನಡೆದವು. ಅದಕ್ಕೆ ಮುಂಚೆ ಜನ ಇರುವ ಕಡೆಗೇ ಹೋದೆವು. ಹೆಂಗಸರು ದಿನಕ್ಕೆ ಎರಡು ಸಲ ಒಂದೇ ಕಡೆ ಸೇರುವ ಜಾಗ ಹಾಲಿನ ಡೈರಿ. ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡಿದು ಸಾಲು ನಿಂತಿರುತ್ತಾರೆ. ಹತ್ತು ನಿಮಿಷ ಪುರುಸೊತ್ತು, ಹತ್ತಿರದಲ್ಲಿ ಗಂಡಂದಿರಿಲ್ಲ. ಅಲ್ಲಿ ಸಿಕ್ಕ ಮಾತು ಮೂರು ಗ್ರಾಮ ಸಭೆಯಲ್ಲಿ ಸಿಗಲಾರದು.

ಡೈರಿ ಸಾಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ಮಾತು ಕಂತು. ವಾರದ ಕಂತು. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ, ಮಂಗಳವಾರ ಬಂತೆಂದರೆ ಮನೆ ಬಾಗಿಲು ಹಾಕಿಕೊಂಡು ಒಳಗೆ ಕೂರುವುದು. ಎರಡನೇ ಮಾತು ಪೆಟ್ಟಿಗೆ ಅಂಗಡಿಯ ಎಣ್ಣೆ. ಬಿಸ್ಕತ್ತು, ಬೀಡಿ ಜೊತೆ ಕದ್ದು ಮಾರುವ ಮದ್ಯ. ಯಾವ ಅಂಗಡಿ ಅಂತ ಊರಿಗೆಲ್ಲ ಗೊತ್ತು. ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಕಾಲೋನಿಗೆ ರಾತ್ರಿ ಎಂಟರ ಮೇಲೆ ಹೋದೆವು. ಬೇರೆಯಾಗಿ ಯಾಕೆ ಅಂತ ಒಬ್ಬ ಸದಸ್ಯರು ತಕರಾರು ತೆಗೆದರು. ಊರನ್ನು ಒಡೆದ ಹಾಗೆ ಆಗುತ್ತದಂತೆ. ಗ್ರಾಮ ಸಭೆಯಲ್ಲಿ ಕಾಲೋನಿಯವರು ಎಲ್ಲಿ ನಿಲ್ಲುತ್ತಾರೆ ಅಂತ ಮೇಡಂ ಕೇಳಿದರು. ಬಾಗಿಲ ಹತ್ತಿರ. ಅಷ್ಟಕ್ಕೇ ಆ ಮಾತು ಮುಗಿಯಿತು. ಕಾಲೋನಿಯವರ ನಿದ್ದೆ ಕೆಡಿಸಿದ್ದು ನೀರು. ಓವರ್‌ಹೆಡ್ ಟ್ಯಾಂಕಿನ ವಾಲ್ವು ಮೊದಲು ಮೇಲಿನ ಬೀದಿಗೆ ತೆಗೆಯುತ್ತಾರೆ, ಮಿಕ್ಕಿದ್ದು ಇವರಿಗೆ. ಬರದ ವರ್ಷ, ಬೋರಿನಲ್ಲೂ ನೀರಿಲ್ಲ, ಮಿಕ್ಕುವುದೇ ಇಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ನಲ್ಲಿ ಹತ್ತಿರ ಕೂರಬೇಕು.

ಮಕ್ಕಳ ಗ್ರಾಮ ಸಭೆ ನವೆಂಬರ್‌ನಲ್ಲಿ ಆಯಿತು. ಇದು ಸಾಮಾನ್ಯವಾಗಿ ಭಾಷಣ, ಬಿಸ್ಕತ್ತು, ಫೋಟೋಕ್ಕೆ ಮುಗಿಯುವ ಸಭೆ. ಈ ಸಲ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸೋಮವಾರ ನಮ್ಗೆ ಫಸ್ಟ್ ಪೀರಿಯಡ್ ಬಾಟ್ಲಿ ಹೆಕ್ಕೋದು ಸಾರ್" ಅಂದಳು. ಭಾನುವಾರ ರಾತ್ರಿ ಶಾಲೆ ಜಗಲಿಯೇ ಬಾರು. ಒಡೆದ ಗಾಜಿನಿಂದ ಒಬ್ಬ ಹುಡುಗನ ಕಾಲು ಕುಯ್ದಿತ್ತು. ಅಧ್ಯಕ್ಷೆಯ ಯಜಮಾನರು ಅಲ್ಲೇ ಕೂತಿದ್ದರು. (ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ಯಜಮಾನರ ಕುರ್ಚಿಗೆ ಯಾವ ಕಾನೂನೂ ಇಲ್ಲ, ಆದರೂ ಇರುತ್ತದೆ.) ಅವರು ಏನೋ ಹೇಳಲು ಹೋದಾಗ ಅಧ್ಯಕ್ಷೆಯೇ, "ನೀವ್ ಸುಮ್ನಿರಿ, ಮಗು ಮಾತಾಡ್ಲಿ" ಅಂದರು. ಅವರು ಸಭೆಯಲ್ಲಿ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಣಸೆ ಬೀಜದ ಲೆಕ್ಕ

ಡಿಸೆಂಬರ್ ಹೊತ್ತಿಗೆ ನನ್ನ ಹತ್ತಿರ ಎರಡು ನೋಟ್‌ಬುಕ್ ತುಂಬ ನಿದ್ದೆಗೇಡಿನ ಮಾತು ಸೇರಿತ್ತು. ಅವುಗಳನ್ನು ಒಂಬತ್ತು ಮಾತಾಗಿ ಕೂಡಿಸಿ ಚೀಟಿ ಬರೆದು, ಊರಿನವರೇ ಆರಿಸಲಿ ಅಂದುಕೊಂಡೆವು. ಒಬ್ಬೊಬ್ಬರಿಗೆ ಐದು ಹುಣಸೆ ಬೀಜ. ಯಾವುದು ಮುಖ್ಯವೋ ಆ ಚೀಟಿಯ ಮುಂದೆ ಇಡಬೇಕು.

ಮೊದಲ ಸಲ ಪೂರ್ತಿ ಹಾಳಾಯಿತು. ಬೀಜ ಎಲ್ಲರ ಕಣ್ಣೆದುರು ಇಡಬೇಕಲ್ಲ. ದೊಡ್ಡ ಜಮೀನಿನವರು ಒಬ್ಬರು ಮೊದಲು ಹೋಗಿ ಚರಂಡಿ ಚೀಟಿ ಮುಂದೆ ಐದೂ ಸುರಿದರು. ಅವರ ಹೊಲದಲ್ಲಿ ಕೂಲಿ ಮಾಡುವವರು ಸಾಲಾಗಿ ಹೋಗಿ ಅಲ್ಲೇ ಸುರಿದರು. ಮದ್ಯದ ಚೀಟಿ ಮುಂದೆ ಒಂದೂ ಬೀಜ ಇಲ್ಲ. ತಪ್ಪು ನಮ್ಮದೇ. ಚುನಾವಣೆಗೆ ಪರದೆ ಯಾಕೆ ಕಟ್ಟುತ್ತಾರೆ ಅಂತ ನಲವತ್ತು ಸಲ ಪಾಠ ಮಾಡಿದವನು ನಾನು!

ವಾರ ಬಿಟ್ಟು ಮತ್ತೆ ಮಾಡಿದೆವು. ಈ ಸಲ ಒಂಬತ್ತು ಮಣ್ಣಿನ ಕುಡಿಕೆ, ಬಾಯಿಗೆ ಬಟ್ಟೆ ಕಟ್ಟಿ, ಕೈ ತೂರುವಷ್ಟು ಸೀಳು. ಓದಲು ಬಾರದವರಿಗೆ ಕುಡಿಕೆ ಮೇಲೆ ಮಕ್ಕಳ ಕೈಯಲ್ಲಿ ಚಿತ್ರ ಬರೆಸಿದ್ದೆವು. ಮದ್ಯದ ಕುಡಿಕೆ ಭಾರವಾಯಿತು. ನೀರಿನದು ಇನ್ನೂ ಭಾರ. ಚರಂಡಿಯೂ ಖಾಲಿಯೇನಲ್ಲ, ಚರಂಡಿ ಬೇಕಾದದ್ದು ಸುಳ್ಳಲ್ಲ.

ಕೊನೆಗೆ ನಾಲ್ಕು ಗುರಿ ಉಳಿದವು. ಜನ ಹೇಳಿದ ಮಾತಿನಲ್ಲೇ ಬರೆದೆವು:

ಕತ್ತಲಾದ ಮೇಲೆ ನಮ್ಮ ಮಕ್ಕಳು ಒಬ್ಬರೇ ನಾಲೆ ಏರಿ ಮೇಲೆ ಬರಬಾರದು.
ಸೋಮವಾರ ಬೆಳಿಗ್ಗೆ ಶಾಲೆ ಜಗಲಿ ಗುಡಿ ಜಗಲಿ ಹಾಗೆ ಇರಬೇಕು.
ಕಾಲೋನಿಗೂ ಊರಿಗೂ ಒಂದೇ ಹೊತ್ತು ನೀರು.
ಒಂಟಿಯಾಗಿರುವ ಮುದುಕರನ್ನು ದಿನಕ್ಕೊಮ್ಮೆ ಯಾರಾದರೂ ಮಾತಾಡಿಸಬೇಕು.

ನಾಲ್ಕನೆಯದು ಬಂದಾಗ ನನಗೇ ಆಶ್ಚರ್ಯ. ಮಕ್ಕಳು ಬೆಂಗಳೂರು ಸೇರಿ, ಒಬ್ಬರೇ ಉಳಿದ ಮುದುಕರ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಸತ್ತು ಎರಡು ದಿನ ಆದ ಮೇಲೆ ಗೊತ್ತಾದದ್ದೂ ಇದೆ. ಅದನ್ನು ಪಂಚಾಯಿತಿಗೆ ಹೇಳುವ ಮಾತು ಅಂತ ಯಾರೂ ಅಂದುಕೊಂಡಿರಲಿಲ್ಲ.

ಕಂತಿನ ಸಾಲ ಮಾತ್ರ ಗುರಿಯಾಗಲಿಲ್ಲ. ಡೈರಿ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ಬಂದ ಮಾತೇ ಬಿಟ್ಟುಹೋಯಿತು. ಬರೆಯಬೇಡಿ ಅಂತ ಹೆಂಗಸರೇ ಹೇಳಿದರು. ಗೋಡೆ ಮೇಲೆ ಬರೆದರೆ ಯಾರ ಮನೆಯಲ್ಲಿ ಎಷ್ಟು ಸಾಲ ಅಂತ ಗುಸುಗುಸು ಶುರುವಾಗುತ್ತದೆ, ಕೊಡುವವರೂ ನಿಲ್ಲಿಸಿಬಿಟ್ಟಾರು. ಇದನ್ನು ಈ ಪ್ರಕರಣದ ದೊಡ್ಡ ಸೋಲು ಅಂತಲೇ ಲೆಕ್ಕ ಹಾಕುತ್ತೇನೆ. ಜನ ನಂಬಿ ಹೇಳಿದರು, ಆದರೆ ಎಲ್ಲರ ಮುಂದೆ ಒಪ್ಪಿಕೊಳ್ಳುವಷ್ಟು ನಂಬಲಿಲ್ಲ.

ಗುರಿ ಅಂದರೆ ಯಾರೋ ಏನೋ ಬಿಡಬೇಕು

ಗ್ರಾಮ ಸಭೆ ಜನವರಿಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕಾದ ಸಭೆ ಅದು. ಮೊದಲ, ಎರಡನೇ, ನಾಲ್ಕನೇ ಗುರಿಗೆ ಎಲ್ಲರೂ ಕೈ ಎತ್ತಿದರು. ನೀರಿನ ಗುರಿ ಓದಿದ ತಕ್ಷಣ ಸಭೆ ಎದ್ದು ನಿಂತಿತು.

ನ್ಯಾಯವೇ ಅಲ್ವಾ? ಉಳಿದ ಮೂರರಲ್ಲಿ ಯಾರ ಮನೆಯದೂ ಏನೂ ಹೋಗುವುದಿಲ್ಲ. ನೀರಿನ ಗುರಿಯಲ್ಲಿ ಮೇಲಿನ ಬೀದಿಯ ಅರ್ಧ ಗಂಟೆ ಹೋಗುತ್ತದೆ. "ಟ್ಯಾಂಕ್ ಇರೋದು ನಮ್ ಬೀದೀಲಿ" ಅಂತ ಒಬ್ಬರು. "ಟ್ಯಾಂಕ್ ಕಟ್ಟಿದ್ ಕೂಲಿ ಯಾರು?" ಅಂತ ಬಾಗಿಲ ಕಡೆಯಿಂದ ಇನ್ನೊಬ್ಬರು. ಒಂದು ಗಂಟೆ ಕೂಗಾಟ. ಮೇಡಂ ಕಾನೂನು ಹೇಳಿದರು, ಯಾರೂ ಕೇಳಲಿಲ್ಲ. ನಾನು ಬುದ್ಧಿ ಹೇಳಿದೆ, ಅದನ್ನಂತೂ ಕೇಳಲೇ ಇಲ್ಲ.

ಜಗಳ ಬಿಡಿಸಿದ್ದು ವಾಟರ್‌ಮನ್. ಆತ ಎದ್ದು ಬಂದು ವಾಲ್ವಿನ ಕೀಲಿಯನ್ನು ಅಧ್ಯಕ್ಷೆಯ ಮೇಜಿನ ಮೇಲೆ ಇಟ್ಟ. "ತಕಳಿ ಅಕ್ಕ. ಮೂರೊತ್ತೂ ಎರಡ್ ಕಡೆಯೋರ ಕೈಲೂ ಬೈಸ್ಕಳೋದು ನಾನೊಬ್ನೇ. ಯಾರಿಗ್ ಯಾವಾಗ ಅಂತ ನೀವೇ ಬರ್ದು ಬೋರ್ಡ್ ಹಾಕಿ, ನಾನ್ ಅದ್ನ ನೋಡ್ಕಂಡ್ ತಿರುಗುಸ್ತೀನಿ. ಇಲ್ಲ ಅಂದ್ರೆ ನಾಳಿಂದ ನೀವೇ ತಿರುಗುಸ್ಕಳಿ." ಕೀಲಿ ಹಿಡಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಬೋರ್ಡು ಬಂತು. ಒಂದು ದಿನ ಕಾಲೋನಿಗೆ ಮೊದಲ ಸರದಿ, ಮಾರನೇ ದಿನ ಮೇಲಿನ ಬೀದಿಗೆ, ಇಬ್ಬರಿಗೂ ಅಷ್ಟೇ ನಿಮಿಷ. ಗುರಿಯಲ್ಲಿ ಬರೆದ "ಒಂದೇ ಹೊತ್ತು" ಇದಲ್ಲ. ಆದರೆ ಆ ದಿನ ಆಗಬಹುದಾಗಿದ್ದು ಇಷ್ಟೇ.

ಪೆಟ್ಟಿಗೆ ಅಂಗಡಿಯ ವಿಷಯದಲ್ಲಿ ಮೇಡಂ ಒಂದು ಜಾಣತನ ಮಾಡಿದರು. ಮದ್ಯ ಮಾರುವುದನ್ನು ಹಿಡಿಯುವುದು ಅಬಕಾರಿಯವರ ಕೆಲಸ. ಅಂಗಡಿಗೆ ಪರವಾನಗಿ ಕೊಡುವುದು ಪಂಚಾಯಿತಿ ಕೆಲಸ. ಒಂದು ಅಂಗಡಿಗೆ ನೋಟಿಸ್ ಕೊಟ್ಟರೆ ಹೇಳಿದವರು ಯಾರು ಅಂತ ಹುಡುಕುತ್ತಾರೆ. ಹಾಗಾಗಿ ಪಂಚಾಯಿತಿಯ ಎಲ್ಲ ಅಂಗಡಿಗೂ ಒಂದೇ ನೋಟಿಸ್: ಮದ್ಯ ಸಿಕ್ಕರೆ ಪರವಾನಗಿ ಇಲ್ಲ. ಹೇರ್ ಕಟಿಂಗ್ ಅಂಗಡಿಯವನಿಗೂ ಬಂತು. ಅವನು ಓದಿ ನಕ್ಕುನಕ್ಕು ಸುಸ್ತಾದ.

ನಾಲೆ ಪಂಚಾಯಿತಿ ಕೈಯಲ್ಲಿಲ್ಲ, ಏರಿ ಮೇಲೆ ಒಂದು ಕಲ್ಲನ್ನೂ ನೆಡುವ ಹಾಗಿಲ್ಲ. ತಡೆಗೋಡೆಗೆ ಠರಾವು ಮಾಡಿ ಕಳಿಸಿದ್ದಾಯಿತು, ಉತ್ತರ ಬಂದಿಲ್ಲ. ಆದರೆ ಗುರಿ "ತಡೆಗೋಡೆ" ಅಂತ ಇರಲಿಲ್ಲವಲ್ಲ, "ಕತ್ತಲಲ್ಲಿ ಒಬ್ಬರೇ ಬರಬಾರದು" ಅಂತ ಇತ್ತು. ಅದಕ್ಕೇ ಇನ್ನೊಂದು ದಾರಿ ಕಂಡಿತು. ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಸಂಜೆ ಬೀಗ ಬೀಳುತ್ತಿತ್ತು. ಅದನ್ನು ಎಂಟರವರೆಗೆ ತೆಗೆದಿಟ್ಟು, ಊರಲ್ಲೇ ಇರುವ ಇಬ್ಬರು ಪದವೀಧರರು ಅಲ್ಲಿ ಮಕ್ಕಳಿಗೆ ಪಾಠ ಹೇಳಲು ಒಪ್ಪಿದರು. ಹೆಚ್ಚಿನ ಮಕ್ಕಳು ನಾಲೆ ಆಚೆಯ ಟ್ಯೂಷನ್ ಬಿಟ್ಟರು. ಹೈಸ್ಕೂಲಿನ ಕೆಲವರು ಇನ್ನೂ ಹೋಗುತ್ತಾರೆ, ಈಗ ಗುಂಪಾಗಿ.

ಕಾಗದದಲ್ಲಿ ಏನಾಯಿತು

ಈ ನಾಲ್ಕನ್ನೂ 9 ವಿಷಯಗಳ ಪೆಟ್ಟಿಗೆಗೆ ತುಂಬಬೇಕಲ್ಲ. ನೀರು ಸುಲಭ. ಆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದಾಗಿತ್ತು, ಉಳಿದ ಶೇ 40ರಲ್ಲಿ ಮಾತ್ರ ಪಂಚಾಯಿತಿಗೆ ಸ್ವಲ್ಪ ಕೈ ಆಡಿಸಲು ಜಾಗ ಇತ್ತು. ಶಾಲೆ ಜಗಲಿ ಮಕ್ಕಳ ಸ್ನೇಹಿ ಊರಿಗೆ ಹೋಯಿತು. ಆದರೆ ಕಂಪ್ಯೂಟರು ಕೇಳುವುದು ಕಾಮಗಾರಿ. ಬಾಟಲಿ ಇಲ್ಲದಿರುವುದು ಕಾಮಗಾರಿ ಅಲ್ಲ. ಹಾಗಾಗಿ ಉದ್ಯೋಗ ಖಾತರಿಯಲ್ಲಿ ಶಾಲಾ ಕಾಂಪೌಂಡ್ ಅಂತ ಬರೆದರು. ತಿರುಗಿ ಸಿಮೆಂಟಿಗೇ ಬಂದು ನಿಂತೆವು! ಮುದುಕರನ್ನು ಮಾತಾಡಿಸುವುದಕ್ಕೆ ಪೆಟ್ಟಿಗೆಯೇ ಸಿಗಲಿಲ್ಲ. ಅದು ನಡಾವಳಿ ಪುಸ್ತಕದಲ್ಲಿ ಮಾತ್ರ ಇದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ನ್ಯೂಜಿಲೆಂಡಿನಲ್ಲಿ 2002ರ ಸ್ಥಳೀಯ ಸರ್ಕಾರ ಕಾಯ್ದೆ, ಜನರ ಸಾಮಾಜಿಕ, ಆರ್ಥಿಕ, ಪರಿಸರ, ಸಾಂಸ್ಕೃತಿಕ ಕ್ಷೇಮ ನೋಡುವುದು ಕೌನ್ಸಿಲ್‌ಗಳ ಕೆಲಸ ಅಂತ ಬರೆಯಿತು. 2012ರಲ್ಲಿ ಅದನ್ನು ತೆಗೆದರು, 2019ರಲ್ಲಿ ವಾಪಸ್ ತಂದರು. ವೇಲ್ಸ್ 2015ರಲ್ಲಿ ಮುಂದಿನ ಪೀಳಿಗೆಯ ಕ್ಷೇಮಕ್ಕೆ ಅಂತಲೇ ಕಾಯ್ದೆ ಮಾಡಿ 7 ಗುರಿ ಇಟ್ಟಿತು. ಅಲ್ಲಿನ ಸ್ಥಳೀಯ ಸಂಸ್ಥೆಗಳು ಜನರನ್ನು ಸೇರಿಸಿಕೊಂಡು ತಮ್ಮ ಗುರಿ ಬರೆಯಬೇಕು. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸಭೆಗಳಿಗೆ ಇರುವ ಅಧಿಕಾರ ಓದಿದರೆ ಇವರಿಗಿಂತ ನಾವೇನೂ ಕಡಿಮೆ ಇಲ್ಲ ಅನ್ನಿಸುತ್ತದೆ. ಹನ್ನೊಂದು ಗಂಟೆಗೆ ಕರೆಯುವುದು ಬಿಟ್ಟರೆ.

ಆರು ತಿಂಗಳ ಮೇಲೆ

ಬಾಟಲಿ ಎಣಿಸುವ ಕೆಲಸ ಶಾಲೆಯವರದು. ಫೆಬ್ರವರಿ, ಮಾರ್ಚ್‌ನಲ್ಲಿ ಸೋಮವಾರದ ಬುಟ್ಟಿ ಹಗುರಾಗುತ್ತ ಬಂತು. ಮಾರ್ಚ್ ಮಧ್ಯದಿಂದ ಲೋಕಸಭೆ ಚುನಾವಣೆಯ ನೀತಿ ಸಂಹಿತೆ, ಪಂಚಾಯಿತಿ ಕೆಲಸ ನಿಂತಿತು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಏಪ್ರಿಲ್ 26ಕ್ಕೆ ಇಲ್ಲಿ ಮತದಾನ. ಮೇ ಕೊನೆಯಲ್ಲಿ ಬಾಗಿಲು ತೆಗೆದಾಗ ಜಗಲಿ ಮೇಲೆ ಇದ್ದದ್ದನ್ನು ಹೆಡ್ ಮೇಡಂ ಎಣಿಸಲಿಲ್ಲ, ಗೋಣಿಚೀಲದಲ್ಲಿ ಅಳೆದರು. ಜೂನ್‌ನಲ್ಲಿ ಹಳೆಯ ನೋಟಿಸನ್ನೇ ಮತ್ತೆ ಹಂಚಿದರು. ಕಟಿಂಗ್ ಅಂಗಡಿಗೂ.

ನೀರಿನ ಬೋರ್ಡಿಗೆ ಎರಡು ಸಲ ಯಾರೋ ಸಗಣಿ ಬಳಿದರು. ವಾಟರ್‌ಮನ್ ತೊಳೆದ. ಸರದಿ ನಿಂತಿಲ್ಲ. ಜುಲೈನಲ್ಲಿ ಕೆಆರ್‌ಎಸ್ ತುಂಬಿದ ಮೇಲೆ ನೀರಿನ ಜಗಳ ತಾನಾಗೇ ತಣ್ಣಗಾಯಿತು. ಮುಂದಿನ ಬರದಲ್ಲಿ ಬೋರ್ಡು ಉಳಿಯುತ್ತದಾ, ನೋಡಬೇಕು.

ಪೆಟ್ಟಿಗೆಯೇ ಸಿಗದ ನಾಲ್ಕನೇ ಗುರಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತಿದೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಒಂಟಿ ಮುದುಕರು ಬೆಳಿಗ್ಗೆ ಡೈರಿಗೆ ಕಾಲು ಲೀಟರ್ ಹಾಲಿಗೆ ಬರುತ್ತಾರೆ. ಯಾರಾದರೂ ಬರದಿದ್ದರೆ ಸಾಲಿನಲ್ಲಿರುವ ಹುಡುಗರಲ್ಲಿ ಒಬ್ಬ ಅವರ ಮನೆಗೆ ಹೋಗಿ ಬಾಗಿಲು ತಟ್ಟಬೇಕು. ಅಷ್ಟೇ.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ನಮ್ಮ ಪಿಂಚಣಿ ಅಜ್ಜಿ ಬರಲಿಲ್ಲ. ಮೊಮ್ಮಗ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಹೋಗಿದ್ದ ದಿನಗಳು. ಹುಡುಗ ಬಾಗಿಲು ತಟ್ಟಿದ, ಉತ್ತರ ಇಲ್ಲ. ಐದು ನಿಮಿಷದಲ್ಲಿ ಅರ್ಧ ಬೀದಿ ಸೇರಿತು. ಕಿಟಕಿ ಸರಳು ಬಗ್ಗಿಸಿ ಒಬ್ಬ ಒಳಗೆ ಇಳಿದ. ಒಳಗೆ ಯಾರೂ ಇಲ್ಲ. ನಾಲೆ ತುಂಬಿ ಹರಿಯುತ್ತಿದ್ದ ಕಾಲ, ಇಬ್ಬರು ಏರಿ ಕಡೆಗೆ ಓಡಿದರು. ಅಜ್ಜಿ ಹಿಂದಿನ ಸಂಜೆಯೇ ಫ್ರೀ ಬಸ್ ಹತ್ತಿ ಮದ್ದೂರಿಗೆ, ಮಗಳ ಮನೆಗೆ ಹೋಗಿದ್ದರು. ಮಧ್ಯಾಹ್ನ ಬಂದವರು ಬಗ್ಗಿದ ಸರಳು ನೋಡಿ ಬೀದಿಗೆಲ್ಲ ಮಂಗಳಾರತಿ ಮಾಡಿದರು. "ಯೋಳ್ದೆ ಎಲ್ಲೂ ಹೋಗಂಗೂ ಇಲ್ವೇನ್ರೋ ನಾನು?"

ಮುಂದಿನ ತಿಂಗಳು ಮತ್ತೆ ಮದ್ದೂರಿಗೆ ಹೊರಟಾಗ ಡೈರಿ ಮುಂದೆ ನಿಂತು, ಕ್ಯಾನು ಹಿಡಿದವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ ಹೋದರಂತೆ. "ಮೂರ್ ದಿನ ಇರಾಕಿಲ್ಲ. ಕಿಟಕಿ ಮುಟ್ಟೀರಾ!"